ಜ್ವರದಲ್ಲಿ ಕೊಟ್ಟ ಮಾತು

ನಾನು ಸಾಯುತ್ತೇನೆಂದು ಎಲ್ಲರೂ ತೀರ್ಮಾನಿಸಿದ ದಿನ ನಾನು ಎಲ್ಲರನ್ನೂ ಕ್ಷಮಿಸಿದೆನಂತೆ. ನನಗೆ ಒಂದೂ ನೆನಪಿಲ್ಲ.

ಬೇಸಿಗೆಯ ಹುಲ್ಲುಗಾವಲಿಗೆ ಹೊರಟಿದ್ದೆವು. ಝರ್ದ್‌ಕೂಹ್ ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ ಜ್ವರ ನನ್ನನ್ನು ಹೇಸರಗತ್ತೆಯ ಮೇಲಿಂದ ಕೆಡವಿತು. ಹಸಿದ ಕುರಿಗಳು ಯಾರಿಗೂ ಕಾಯುವುದಿಲ್ಲ. ಗಂಡ ಖುದಾಕರಂ ಉಳಿದವರ ಜೊತೆ ಮಂದೆ ಹೊಡೆದುಕೊಂಡು ಹಿಮದ ಘಟ್ಟ ದಾಟಿ ಹೋದ. ಮಂದೆಯನ್ನು ಆಚೆ ಬಿಟ್ಟು ತಿರುಗಿ ಬರುತ್ತಾನೆ, ನನ್ನನ್ನು ಕರೆದೊಯ್ಯಲು ಅಥವಾ ಹೂಳಲು. ನನ್ನ ಜೊತೆ ಉಳಿದವಳು ಮೈದುನನ ಹೆಂಡತಿ ಶೌಕತ್.

ಜ್ವರ ಬಿಟ್ಟ ಮೇಲೂ ಲೋಕ ನೆಟ್ಟಗೆ ನಿಲ್ಲಲಿಲ್ಲ. ನೀರಿನ ಸದ್ದು ತೊರೆಯದೋ ನನ್ನ ಕಿವಿಯದೋ ತಿಳಿಯುತ್ತಿರಲಿಲ್ಲ. ಇಳಿಜಾರಿನ ತುಂಬ ಕೆಂಪು ಹೂಗಳು ತಲೆ ಕೆಳಗೆ ಮಾಡಿ ತೂಗುತ್ತಿದ್ದವು. ಅವು ಹುಟ್ಟಿದ್ದೇ ಹಾಗೆಂದು ನೆನಪಾಗಲು ಒಂದು ಬೆಳಗ್ಗೆ ಪೂರ್ತಿ ಬೇಕಾಯಿತು.

ಓಕ್ ಮರದ ಕೆಳಗೆ ಸೊಪ್ಪು ಸೋಸುತ್ತ ಶೌಕತ್ ನಗುತ್ತಿದ್ದಳು. "ಮೊದಲು ಅತ್ತೆ ಬಂದ್ರು ಅಕ್ಕಾ. 'ಸೊಸೇ, ಹಲಾಲ್ ಮಾಡು, ಕ್ಷಮಿಸ್ಬಿಡು' ಅಂದ್ರು. ಇಷ್ಟು ವರ್ಷ ಅವರು ಬೈದಿದ್ದೆಲ್ಲ ನೀನು ಒಂದೇ ಉಸಿರಿಗೆ ಮಾಫಿ ಮಾಡ್ಬಿಟ್ಟೆ! ನಾನಾಗಿದ್ರೆ ಸ್ವಲ್ಪ ಆಟ ಆಡಿಸ್ತಿದ್ದೆ."

"ನಿನ್ನ ಭಾವ?" ಎಂದು ನನ್ನ ಗಂಡನ ಬಗ್ಗೆ ಕೇಳಿದೆ.

"ಅತ್ರು. ಏನಕ್ಕೆ ಕ್ಷಮಿಸ್ಬೇಕು ಅಂತ ಮಾತ್ರ ಹೇಳ್ಲಿಲ್ಲ. ಜಾಣ್ರು."

ನಕ್ಕರೆ ಪಕ್ಕೆ ನೋಯುತ್ತಿತ್ತು. ಸಾಯುವವರ ಬಳಿ ಕೂತು, ಮಾಡಿದ ತಪ್ಪು ಹೇಳಿ, ಹಲಾಲ್ ಎಂಬ ಒಂದು ಮಾತು ಪಡೆಯದೆ ನಮ್ಮವರು ಯಾರನ್ನೂ ಕಳಿಸುವುದಿಲ್ಲ. ಕೊಟ್ಟ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡವರನ್ನೂ ನಾನು ಕಂಡಿಲ್ಲ. ಹಾಗೆ ಕೊಟ್ಟು ಎದ್ದು ಕೂತವರನ್ನೂ ಕಂಡಿರಲಿಲ್ಲ.

"ನೀನೂ ಕೇಳಿದ್ಯಾ?" ಎಂದೆ.

"ಕೇಳ್ದೆ. ಎಲ್ಲಾ ಹೇಳ್ದೆ. ನನ್ನ ತಲೆ ಮೇಲೆ ಕೈಯಿಟ್ಟು ಹಲಾಲ್ ಅಂದೆ ನೀನು. ಆಮೇಲೆ ಅಕ್ಕಾ, ನನಗೆ ನಿದ್ದೆ ಹತ್ತುತ್ತಿದೆ. ಎಷ್ಟು ವರ್ಷ ಆಗಿತ್ತು ಗೊತ್ತಾ?"

ಎಲ್ಲಾ ಅಂದರೆ ಏನು? ಕದ್ದ ಉಣ್ಣೆಯೋ, ಆಡಿದ ಚಾಡಿಯೋ? ಅಷ್ಟಕ್ಕೆ ಯಾರಾದರೂ ವರ್ಷಗಟ್ಟಲೆ ನಿದ್ದೆಗೆಡುತ್ತಾರೆಯೇ? ಏನನ್ನು ಕ್ಷಮಿಸಿದೆನೆಂದು ತಿಳಿಯದೆ ಅವಳ ಜೊತೆ ಒಂದೇ ಡೇರೆಯಲ್ಲಿ ಹೇಗಿರಲಿ? ತಿಳಿದ ಮೇಲೆ ಇರಲಾಗದಿದ್ದರೆ?

"ಶೌಕತ್, ನನಗೆ ನೆನಪಿಲ್ಲ ಕಣೆ."

"ಒಂಚೂರೂ?"

"ನೀನು ಬಂದು ಕೂತದ್ದೇ ಗೊತ್ತಿಲ್ಲ."

ಅವಳ ಕೈ ಸೊಪ್ಪಿನಲ್ಲೇ ನಿಂತಿತು. ಉಣ್ಣೆ ಕದ್ದೆ ಅನ್ನಬಹುದಿತ್ತು, ನಾನು ನಂಬುತ್ತಿದ್ದೆ. ಅವಳು ಹಾಗೆ ಮಾಡಲಿಲ್ಲ.

"ನಿಮ್ಮಮ್ಮ ಹಾಸಿಗೆ ಹಿಡಿದಿದ್ರಲ್ಲ, ಆಗ ಒಬ್ಬ ಕುರಿಗಾಹಿ ಸುದ್ದಿ ತಂದಿದ್ದ. 'ಜರ್ಬಾನು ಬೇಗ ಬರ್ಲಿ, ಅಮ್ಮ ಅವಳನ್ನೇ ಕೇಳ್ತಿದಾಳೆ' ಅಂತ. ನನ್ನ ಹತ್ರ ಹೇಳಿ ಹೋದ. ಆಗ ನಾನು ತುಂಬಿದ ಬಸುರಿ. ಘಟ್ಟದಲ್ಲಿ ನೋವು ಬಂದ್ರೆ ನೀನಿಲ್ದೆ ಏನ್ಮಾಡ್ಲಿ ಅಂತ ಹೆದರಿಕೆ. ದಾಟಿದ ಮೇಲೆ ನಿನಗೆ ಹೇಳ್ದೆ. ಈಗಷ್ಟೇ ಸುದ್ದಿ ಬಂತು ಅಂದೆ."

ನಾನು ಹೋದಾಗ ಗೋರಿಯ ಮಣ್ಣು ಒಣಗಿತ್ತು. ಅಮ್ಮನ ಜೊತೆ ಜಗಳವಾಡಿ ಬಂದವಳು ನಾನು. ಕೊನೆ ಗಳಿಗೆಯವರೆಗೂ ನನ್ನನ್ನು ಕರೆಯಲು ಅವಳಿಗೆ ಮನಸ್ಸಾಗಲಿಲ್ಲ ಎಂದುಕೊಂಡೇ ಈ ವಯಸ್ಸಿಗೆ ಬಂದಿದ್ದೆ. ಅಮ್ಮ ಕರೆದಿದ್ದಳು. ಅದೂ ಘಟ್ಟ ದಾಟುವ ಮುಂಚೆಯೇ. ಖುಷಿಪಡಬೇಕೋ ಎದೆ ಬಡಿದುಕೊಳ್ಳಬೇಕೋ ಗೊತ್ತಾಗದೆ ಕಂಬಳಿಯ ನೂಲು ಕೀಳುತ್ತ ಕೂತೆ.

"ಹಲಾಲ್ ಅನ್ನೋಕ್ಕೆ ಮುಂಚೆ ನಾನೇನಂದೆ?"

ಅವಳು ಮತ್ತೆ ಸೊಪ್ಪು ಸೋಸತೊಡಗಿದಳು.

"ಹೇಳೇ."

"ಅಮ್ಮಾ ಅಂದೆ. 'ಅಮ್ಮಾ, ಬಂದ್ಯಾ' ಅಂದೆ. ಜ್ವರ ಅಲ್ವಾ, ಅದಕ್ಕೆ ಅಂದ್ಕೊಂಡೆ."

ಹಾಗಾದರೆ ಆ ಮಾತು ಇವಳಿಗೆ ಸಿಕ್ಕಿತೋ ಅಮ್ಮನಿಗೋ? ಅಮ್ಮನ ಕಡೆಗೆ ಇವಳೇ ಮುಚ್ಚಿಟ್ಟ ಬಾಗಿಲು ಇವಳ ಮುಖದಲ್ಲೇ ತೆರೆಯಿತೇ? ಅಥವಾ ಜ್ವರಕ್ಕೆ ಯಾರ ತಲೆಯಾದರೂ ಒಂದೇ ಏನೋ? ಬಿಸಿಲು ಸರಿದು ಬಂದು ನನ್ನ ಮುಖಕ್ಕೆ ಹೊಡೆಯಿತು. ಏಳಲು ನೋಡಿದೆ, ಆಗಲಿಲ್ಲ.

ಶೌಕತ್ ಎದ್ದು ನಿಂತವಳು ಹತ್ತಿರ ಬರಲಿಲ್ಲ. ನನ್ನನ್ನು ಮುಟ್ಟಬಹುದೋ ಬಾರದೋ ಅವಳಿಗೂ ತಿಳಿಯದು.

"ಬಾ, ಎತ್ತು," ಎಂದೆ. "ಕ್ಷಮಿಸಿದೀನಿ ಅಂತಲ್ಲ. ನೆರಳಿಗೆ ಹೋಗ್ಬೇಕು, ಅಷ್ಟೆ."

"ಅಕ್ಕಾ, ಮುಂದೆ..."

"ಮುಂದಿಂದು ನನಗೂ ಗೊತ್ತಿಲ್ಲ. ಮೊದಲು ಎತ್ತು."

ಅವಳು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ನನ್ನ ಭಾರವನ್ನೆಲ್ಲ ಅವಳ ಮೇಲೆ ಬಿಟ್ಟು, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡು ನಡೆದೆ.