ಕತ್ತರಿಸಿದ ಅಂಚು

ಮೈಕಿಗೆ ತೊಡಿಸಿದ ಸ್ಪಂಜು ಒಂದು ಕಡೆ ಕಿತ್ತುಹೋಗಿದೆ, ನಿರ್ದೇಶಕರು ಉಸಿರೆಳೆದಾಗಲೆಲ್ಲ ಬುಸ್ ಎಂಬ ಸದ್ದು, ಅಭಿನಂದನಾ ಪತ್ರ ಓದುತ್ತಿದ್ದಾರೋ ಬಲೂನಿಗೆ ಗಾಳಿ ತುಂಬುತ್ತಿದ್ದಾರೋ, ನಗು ಬರಬೇಕು, ಬರುತ್ತಿಲ್ಲ — ಭೂವಿಜ್ಞಾನಕ್ಕೆ ಇವರ ಕೊಡುಗೆ ಅಪಾರ, ದೊಡ್ಡ ಭೂಕಂಪಕ್ಕೆ ಮುನ್ನ ಭೂಮಿಯಾಡಿದ ಪಿಸುಮಾತನ್ನು ಮೊಟ್ಟಮೊದಲು ಕೇಳಿಸಿಕೊಂಡವರು ಇವರು — ಮೊಟ್ಟಮೊದಲು ಎಂದ ಕೂಡಲೇ ನನ್ನ ಕೈ ತಾನಾಗಿ ತೊಡೆಯ ಮೇಲಿನ ಫೈಲನ್ನು ಅಮುಕಿ ಹಿಡಿಯುತ್ತದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಫೈಲಿನಲ್ಲಿ ಭಾಷಣ, ಭಾಷಣದ ಕೆಳಗೆ ಲಕೋಟೆ, ಅರ್ಧ ಗಂಟೆಯ ಹಿಂದೆ ಬಾಗಿಲಲ್ಲಿ ಮಸಿಯಣ್ಣ ಕೊಟ್ಟದ್ದು. ಮೊದಲ ಸಾಲಿನಲ್ಲಿ ಮಗಳು ಫೋನು ಎತ್ತಿ ಹಿಡಿದಿದ್ದಾಳೆ, ಅಮ್ಮಾ ಸ್ವಲ್ಪ ನಗು ಎಂದು ತುಟಿಯಲ್ಲೇ ಹೇಳುತ್ತಾಳೆ. ಮಸಿಯಣ್ಣ ಆರನೆಯ ಸಾಲಿನ ತುದಿಯಲ್ಲಿ ಕೂತಿದ್ದಾರೆ, ಎಂಬತ್ತಮೂರರ ಮುದುಕ, ಅದು ಅವರ ಹೆಸರಲ್ಲ, ಭೂಕಂಪ ಕೇಂದ್ರದಲ್ಲಿ ನಾವಿಟ್ಟದ್ದು, ಆಗ ಪ್ರತಿ ಬೆಳಿಗ್ಗೆ ಸೀಮೆಎಣ್ಣೆ ದೀಪದ ಹೊಗೆಗೆ ಕಾಗದ ಹಿಡಿದು ಕಪ್ಪು ಮಾಡಿ ಕಂಪನಮಾಪಕದ ಡ್ರಮ್ಮಿಗೆ ಸುತ್ತುವುದು ಅವರ ಕೆಲಸ, ನೆಲ ಅಲುಗಿದರೆ ಯಂತ್ರದ ಸೂಜಿ ಮಸಿಯನ್ನು ಗೀರಿ ಬಿಳಿ ಗೆರೆ ಎಳೆಯುತ್ತದೆ, ಮರುದಿನ ಕಾಗದ ಬಿಚ್ಚಿ ನನ್ನ ಮುಂದೆ ಹಾಸುತ್ತಾರೆ, ಗೆರೆಯ ಪಕ್ಕ ಅಂಚಿನಲ್ಲಿ ನಾನು ಮೊಳೆಯಿಂದ ಟಿಪ್ಪಣಿ ಗೀರಬೇಕು, ಆಮೇಲೆ ಅರಗಿನ ದ್ರಾವಣದಲ್ಲಿ ಅದ್ದಿ ಹಗ್ಗಕ್ಕೆ ನೇತುಹಾಕುತ್ತಾರೆ, ಒಣಗಿತೆಂದರೆ ಮುಗಿಯಿತು, ಬ್ರಹ್ಮ ಬಂದರೂ ಅಳಿಸಲಾಗದು.

ನನಗಾಗ ಇಪ್ಪತ್ತಾರು, ಹೊಸ ಪದವಿ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಆ ವಾರ ಗೆರೆಯಲ್ಲಿ ಸಣ್ಣ ಸಣ್ಣ ನಡುಕ, ಕ್ವಾರಿ ರಸ್ತೆಯ ಲಾರಿಗಳದ್ದೇ ಎಂದು ಲಾರಿ, ಲಾರಿ, ಲಾರಿ ಎಂದು ಗೀರುತ್ತ ಹೋದೆ, ಅವರು ಹಿಂದೆ ನಿಂತು ಕೈ ಒರೆಸಿಕೊಳ್ಳುತ್ತ ಕೆಮ್ಮಿದರು, ಮೇಡಂ, ನಿನ್ನೆ ಕ್ವಾರಿಗೆ ರಜೆ ಇತ್ತಲ್ಲ, ಲಾರಿ ಎಲ್ಲಿಂದ ಬರುತ್ತೆ, ನಾನು ತಲೆ ಎತ್ತಲಿಲ್ಲ, ನೀವು ಮಸಿ ಹಚ್ಚಿ ಮಸಿಯಣ್ಣ, ಓದೋದು ನನಗೆ ಬಿಡಿ — ನಗುತ್ತಲೇ ಅಂದೆ, ಆ ನಗುವೇ ಈಗ ಹೆಚ್ಚು ಸುಡುತ್ತದೆ. ಹನ್ನೊಂದನೆಯ ದಿನ ನೆಲ ಅದುರಿ ಬೆಟ್ಟದ ಬುಡದ ಮನೆಗಳು ಕೂತುಹೋದವು, ಹತ್ತೊಂಬತ್ತು ಜನ. ಸರಿಯಾಗಿ ಓದಿದ್ದರೂ ಏನು ಮಾಡುತ್ತಿದ್ದೆವು, ಭೂಕಂಪದ ದಿನ ಹೇಳುವ ವಿದ್ಯೆ ಇವತ್ತಿಗೂ ಯಾರಿಗೂ ಇಲ್ಲ, ಇದನ್ನೇ ನಲವತ್ತೊಂದು ವರ್ಷ ಹೇಳಿಕೊಂಡು ಮಲಗಿದ್ದೇನೆ, ನಿಜವೇ ಅದು, ಆದರೆ ಎರಡು ವರ್ಷದ ನಂತರ ಅದೇ ಹಾಳೆಗಳನ್ನು ಹೊರತೆಗೆದು ಇವು ಮುನ್ನಡುಕಗಳು ಎಂದು ಪ್ರಬಂಧ ಬರೆದವಳೂ ನಾನೇ, ಪ್ರಬಂಧಕ್ಕಾಗಿ ಹಾಳೆಗಳ ಫೋಟೋ ತೆಗೆಸುವ ಮುಂಚೆ ಬ್ಲೇಡು ಹಿಡಿದು ಲಾರಿ ಎಂದು ಗೀರಿದ್ದ ಅಂಚನ್ನಷ್ಟೇ ಕತ್ತರಿಸಿ ಬುಟ್ಟಿಗೆ ಹಾಕಿದೆ, ಕೊನೆಯಲ್ಲಿ ಹತ್ತು ಜನರಿಗೆ ಕೃತಜ್ಞತೆ ಹೇಳಿದೆ, ಅವರಿಗಿಲ್ಲ. ಕೈ ಕೆಸರಾದರೆ ಬಾಯಿ ಮೊಸರಂತೆ, ಕೈ ಅವರದು, ಬಾಯಿ ನನ್ನದು. ಬುಟ್ಟಿ ಖಾಲಿ ಮಾಡುವಾಗ ಕತ್ತರಿಸಿದ ಆ ಪಟ್ಟಿ ಅವರಿಗೆ ಸಿಕ್ಕಿತ್ತಂತೆ, ಇಷ್ಟು ವರ್ಷ ಇಟ್ಟುಕೊಂಡಿದ್ದರಂತೆ, ಯಾರಿಗೂ ತೋರಿಸಲಿಲ್ಲ, ನನಗೂ, ಇವತ್ತು ಲಕೋಟೆ ಕೈಗಿಟ್ಟು, ಇದು ನಿಮ್ಮ ಹತ್ರಾನೇ ಇರ್ಲಿ ಮೇಡಂ, ನಾನು ಹೋದ್ಮೇಲೆ ಮನೇಲಿ ಯಾರ ಕೈಗಾದ್ರೂ ಸಿಕ್ಕಿದ್ರೆ ಸುಮ್ನೆ ನಿಮ್ಮ ಹೆಸರಿಗೆ ಕೆಟ್ಟದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ತಪ್ಪನ್ನು ಇಷ್ಟು ವರ್ಷ ಹೊಟ್ಟೆಗೆ ಹಾಕಿಕೊಂಡವರ ಮುಂದೆ ನನಗೆ ಸಿಕ್ಕಿದ್ದು ಒಂದೇ ಮಾತು, ಬನ್ನಿ, ಕೂತ್ಕೊಳ್ಳಿ.

ಚಪ್ಪಾಳೆ, ಕೊರಳಿಗೆ ಪದಕ, ತಣ್ಣಗಿದೆ, ಭಾರವಿದೆ, ಈಗ ಎರಡು ಮಾತು ಎನ್ನುತ್ತಾರೆ ನಿರ್ದೇಶಕರು, ಎದ್ದೆ, ಭಾಷಣ ಮೂರು ನಿಮಿಷದ್ದು, ಓದಿ ಮುಗಿಸಿದರೆ ಊಟ, ಫೋಟೋ, ಮನೆ, ಪದಕ ಗಾಜಿನ ಬೀರುವಿನೊಳಗೆ, ಮೊಮ್ಮಕ್ಕಳಿಗೆ ತೋರಿಸುವುದಕ್ಕೆ ಒಂದು ಹೆಸರು — ಲಕೋಟೆ ಬಿಚ್ಚಿಕೊಂಡಿತೋ ನಾನೇ ಬಿಚ್ಚಿದೆನೋ, ಪಟ್ಟಿ ಬೆರಳಿನಷ್ಟು ಅಗಲ, ಅರಗು ಹಳದಿಗಟ್ಟಿದೆ, ಅಕ್ಷರ ನನ್ನದೇ, ದೂರದಿಂದಲೇ ಮಸಿಯಣ್ಣನಿಗೆ ಗೊತ್ತಾಯಿತು, ಕೈ ಎತ್ತಿದರು, ಅಂಗೈ ನನ್ನ ಕಡೆಗೆ ತೋರಿಸಿ ಬೇಡ ಎನ್ನುತ್ತಿದ್ದಾರೆ, ಮೇಡಂ ಬೇಡ, ಮಗಳ ಫೋನು ಇನ್ನೂ ಮೇಲೆಯೇ ಇದೆ, ನನ್ನ ದನಿ ನನಗೇ ಮೈಕಿನಿಂದ ಬಂದು ಕೇಳಿಸುತ್ತದೆ, ಇದನ್ನ ಲಾರಿ ಅಂತ ಬರೆದವಳು ನಾನು, ಅಲ್ಲ ಅಂತ ಹೇಳಿದವರು ಅಲ್ಲಿ ಕೂತಿದ್ದಾರೆ — ಕುರ್ಚಿಗಳು ಕಿರುಗುಟ್ಟಿದವು, ಇಡೀ ಸಭೆ ಹಿಂದಕ್ಕೆ ತಿರುಗಿತು, ಮುಂದಿನ ವಾಕ್ಯ ಇತ್ತು, ಹತ್ತೊಂಬತ್ತು ಜನರದ್ದು, ಬರುತ್ತಿಲ್ಲ, ಅಷ್ಟು ಕಣ್ಣುಗಳ ನಡುವೆ ಸಿಕ್ಕಿಕೊಂಡು, ಇಳಿಸಲೂ ಆಗದೆ ಮಡಚಲೂ ಆಗದೆ, ಬೇಡ ಎನ್ನುತ್ತಲೇ ನಿಂತುಬಿಟ್ಟ ಆ ಕೈ, ತೊಳೆದು ತೊಳೆದು ಬೆಳ್ಳಗಾದ ಆ ಕೈ, ಸಣ್ಣಗೆ ನಡುಗುತ್ತಿರುವ ಆ ಕೈ, ಆ ಕೈ