ಕೆಂಪಿಯ ಬಾಣಂತನ

ಬಾಣಂತಿ ಮತ್ತು ಮಗುವನ್ನು ಮೀಯಿಸುವುದರಲ್ಲಿ ಕುಶಲಕ್ಕನ ಕೈಗೆ ಮಟ್ಟು ಊರಿನಲ್ಲಿ ಒಳ್ಳೆಯ ಹೆಸರಿತ್ತು. ಹಾಗಾಗಿ ಸಾಕುನಾಯಿ ಕೆಂಪಿ ಬೆಳಿಗ್ಗೆ ಹಿತ್ತಿಲ ಕೊಟ್ಟಿಗೆಯಲ್ಲಿ ನೋವು ತಿನ್ನತೊಡಗಿದಾಗ ಅವಳು ಹೆದರಲಿಲ್ಲ. ಸಿಕ್ಕಿಕೊಂಡಿದ್ದ ಮೊದಲ ಮರಿಯನ್ನು ಹಳೆಯ ಲುಂಗಿಯಲ್ಲಿ ಹಿಡಿದು, ಕೆಂಪಿ ತಿಣುಕಿದಾಗಲೆಲ್ಲ ಮೆಲ್ಲನೆ ಎಳೆದು ಹೊರತೆಗೆದಳು. ಉಳಿದೆರಡು ತಾವಾಗಿ ಬಂದವು. ರಕ್ತದ ಲುಂಗಿಯನ್ನು ತಿಪ್ಪೆಗೆಸೆದು, ಮರಿಗಳಿಗೆ ಎಣ್ಣೆ ಅರಿಶಿನ ಸವರಿ, ಬಿಸಿನೀರಿನಲ್ಲಿ ಮೀಯಿಸಿ ತಂದಳು.

“ನಾಯಿಗೂ ಬಾಣಂತನವಾ ಅತ್ತೆ?” ಎಂದು ಸೊಸೆ ಆಶ್ರಿತಾ ನಕ್ಕಳು.

“ಯಾಕೆ, ಅದು ಹೆತ್ತದ್ದಲ್ವಾ?”

ಕೆಂಪಿ ಮರಿಗಳನ್ನು ಮೂಸಿತು. ಇನ್ನೊಮ್ಮೆ ಮೂಸಿ, ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿತು. ಮೊಲೆಗೆ ಹಿಡಿದರೆ ಗುರ್ ಎಂದಿತು. ಬಿಸಿಲೇರುವವರೆಗೂ ಅದೇ ಕತೆ.

“ಎಂತ ಆಯಿತು ಇದಕ್ಕೆ?”

ಆಶ್ರಿತಾ ಒಂದು ಮರಿಯನ್ನು ಮೂಗಿಗೆ ಹಿಡಿದಳು. “ಇದು ನಮ್ಮ ಬಚ್ಚಲಿನ ಹಾಗೆ ಪರಿಮಳ ಬರ್ತಾ ಉಂಟು ಅತ್ತೆ. ತನ್ನದು ಅಂತ ಅದಕ್ಕೆ ಗೊತ್ತಾಗುವುದು ಹೇಗೆ?”

ಕುಶಲಕ್ಕ ತಿಪ್ಪೆಯಿಂದ ಲುಂಗಿಯನ್ನು ಹೆಕ್ಕಿ ತಂದು ಮರಿಗಳ ಮೈಗೆ ಉಜ್ಜಿದಳು. ಅಷ್ಟರಲ್ಲಿ ಎರಡು ಮರಿಗಳು ತಣ್ಣಗಾಗಿದ್ದವು. ಮೂರನೆಯದನ್ನು ಕೆಂಪಿ ಬಹಳ ಹೊತ್ತು ಮೂಸಿ, ಕೊನೆಗೆ ನೆಕ್ಕಿತು.

“ಒಂದಾದರೂ ಉಳಿಯಿತಲ್ಲ” ಎಂದಳು ಆಶ್ರಿತಾ.

ಸತ್ತ ಮರಿಗಳನ್ನು ಗುಳ್ಳ ಬದನೆಯ ಗದ್ದೆಯ ಬದುವಿನಲ್ಲಿ ಹೂತು ಬರುವಾಗ ಪಕ್ಕದ ಮನೆಯಿಂದ ಫೋನ್ ಬಂತು. ಅಲ್ಲಿಯ ಬಾಣಂತಿಯ ಮಗುವನ್ನು ಮೀಯಿಸುವ ಹೊತ್ತಾಗಿತ್ತು.

“ಇವತ್ತು ನೀವೇ ಮೀಯಿಸಿ” ಎಂದಳು ಕುಶಲಕ್ಕ. “ನನ್ನ ಕೈ ಸರಿ ಇಲ್ಲ.”