ಕಾರ್ಸೊ ಮೇಷ್ಟ್ರ ನೀಲಿ ಶಾಯಿ

ಜೋಗ್ಜಾದ ನಮ್ಮ ಸುಮುರಾನ್ ಓಣಿಯ ಇತಿಹಾಸದಲ್ಲಿ ಒಂದು ಗಂಭೀರ ಸಂಗತಿ ದಾಖಲಾಗಲೇಬೇಕು: ನಮ್ಮ ದೇಶದ ಸ್ವಾತಂತ್ರ್ಯ ದಿನವಾದ ಆಗಸ್ಟ್ ಹದಿನೇಳರ ಈ ಸಲದ ರಸಪ್ರಶ್ನೆಗೆ ಆರು ಬಣ್ಣದ ವೇಷಗಳಿದ್ದವು. ಒಂದು ಗುಂಡಿ ಒತ್ತಿದರೆ ಪುಟವೆಲ್ಲ ಬಿಳಿ, ಇನ್ನೊಮ್ಮೆ ಒತ್ತಿದರೆ ಕಪ್ಪು, ಮತ್ತೊಮ್ಮೆ ಒತ್ತಿದರೆ ಬಾಟಿಕ್ ಬಟ್ಟೆಯ ಕಂದು. ಗೋಣಿಚೀಲದ ಓಟ, ಹಪ್ಪಳ ತಿನ್ನುವ ಪಂದ್ಯಗಳ ಜೊತೆಗೆ ಮೊಬೈಲಿನಲ್ಲಿ ಆಡಲೆಂದು ಇದನ್ನು ಕಟ್ಟಿದವಳು ಓಣಿಯ ಹುಡುಗಿ ವೆನಿಂಗ್. ಮನೆಮನೆಗೆ ಹೋಗಿ ‘ಹೇಗಿದೆ?’ ಎಂದು ಕೇಳಿಯೂ ಇದ್ದಳು. ಎಲ್ಲರೂ ‘ಚೆನ್ನಾಗಿದೆ’ ಎಂದಿದ್ದರು. ಮುಖದ ಮೇಲೆ ಬೇರೆ ಉತ್ತರ ಕೊಡುವವರು ಆ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ.

ಹದಿನೇಳಕ್ಕೆ ಎರಡು ವಾರ ಮುಂಚೆ ನಡೆದ ಮೊದಲ ಸುತ್ತಿನಲ್ಲಿ ಮೊದಲು ಆಡಿದವರು ಅವಳಿಗೇ ಭೂಗೋಳ ಕಲಿಸಿದ್ದ ಕಾರ್ಸೊ ಮೇಷ್ಟ್ರು. ಮುಟ್ಟಿದ ಉತ್ತರ ಹಸಿರಾದರೆ ಸರಿ, ಕೆಂಪಾದರೆ ಒಮ್ಮೆ ಬದಲಿಸಬಹುದು. ಮೇಷ್ಟ್ರು ಸರಿಯುತ್ತರವನ್ನೇ ಮುಟ್ಟಿ, ಸ್ವಲ್ಪ ತಡೆದು, ಬದಲಿಸುತ್ತಿದ್ದರು. ಪ್ರತಿ ಸಲ.

“ಏನ್ ಮೇಷ್ಟ್ರೇ, ಮೆರಾಪಿ ಬೆಟ್ಟ ಎಲ್ಲಿದೆ ಅನ್ನೋದೂ ಮರ್ತೋಯ್ತಾ? ಬಾಗಿಲು ತೆಗೆದ್ರೆ ಎದುರಿಗೇ ಇದೆಯಲ್ಲ!” ಎಂದು ವೆನಿಂಗ್ ಮೈಕಿನಲ್ಲಿ ಕೇಳಿದಳು.

ಓಣಿ ನಕ್ಕಿತು. ಮೇಷ್ಟ್ರೂ ನಕ್ಕರು. ಮರುದಿನದಿಂದ ಅವರು ಹರಟೆಕಟ್ಟೆಗೆ ಬರಲಿಲ್ಲ.

ಮೂರನೇ ದಿನ ವೆನಿಂಗ್ ಉಳುಕಿದ ಕತ್ತು ಹಿಡಿದುಕೊಂಡು ಮಾಲೀಷು ಮಾಡುವ ಟುಟಿಕಕ್ಕನ ಬಳಿ ಹೋದಳು. ಟುಟಿಕ್‌ಗೆ ಕಣ್ಣು ಕಾಣದು. ಪರದೆಯಲ್ಲಿರುವುದನ್ನು ಮೊಬೈಲು ಓದಿ ಹೇಳುತ್ತದೆ, ಅವಳು ಕೇಳಿಸಿಕೊಂಡು ಬಳಸುತ್ತಾಳೆ.

“ನಿನ್ನ ಆಟ ನಾನೂ ತೆರೆದೆ ಕಣೇ. ‘ಗುಂಡಿ, ಗುಂಡಿ, ಗುಂಡಿ, ಗುಂಡಿ’ ಅಂತು. ಯಾವ ಗುಂಡಿ ಏನು ಅಂತ ಬಾಯೇ ಬಿಡ್ಲಿಲ್ಲ.”

“ಅಕ್ಕಾ, ನಾನು ಕೇಳ್ದಾಗ ಚೆನ್ನಾಗಿದೆ ಅಂದ್ಯಲ್ಲ!”

“ಇನ್ನೇನು ಅನ್ಲಿ? ನೀನು ಬಾಳೆಹಣ್ಣಿನ ಬಜ್ಜಿ ಬೇರೆ ತಂದಿದ್ದೆ.”

“ಒಬ್ಬಿಬ್ಬರಿಗೋಸ್ಕರ ಈಗ ಎಲ್ಲಾ ಬಿಚ್ಚಿ ಕಟ್ಟೋಕಾಗುತ್ತಾ?”

“ಒಬ್ಬಿಬ್ರಾ? ನಿಮ್ಮ ಮೇಷ್ಟ್ರಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣೋದು. ಮೆಣಸಿನಕಾಯಿ ಹಣ್ಣಾಗಿದೆಯೋ ಇಲ್ವೋ ಅಂತ ಹೆಂಡ್ತೀನ ಕೇಳ್ತಾರೆ. ಮೂರು ವರ್ಷ ಅವರ ಮುಂದೆ ಕೂತಿದ್ಯಲ್ಲೇ, ಗೊತ್ತಿಲ್ವಾ?”

ಗೊತ್ತಿರಬೇಕಿತ್ತು. ಬೇರೆ ಮೇಷ್ಟ್ರುಗಳು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು, ಕಾರ್ಸೊ ಮೇಷ್ಟ್ರದು ಮಾತ್ರ ನೀಲಿ. ಸರಿಗೊಂದು ರೈಟು, ತಪ್ಪಿಗೊಂದು ಇಂಟು. ಯಾವ ಮಗುವಿಗೂ ಗೊಂದಲವಾಗಿರಲಿಲ್ಲ. ವೆನಿಂಗ್ ಮುಖವನ್ನು ಚಾಪೆಗೆ ಒತ್ತಿಕೊಂಡಳು. ಮೈಕಿನಲ್ಲಿ ಆಡಿದ ತನ್ನದೇ ದನಿ ಕಿವಿ ಬಿಟ್ಟು ಹೋಗಲಿಲ್ಲ.

ಸಂಜೆ ಮೇಷ್ಟ್ರ ಮನೆಗೆ ಹೋದಳು. ಅವಳು ಬಾಯಿ ತೆರೆಯುವ ಮೊದಲೇ ಅವರು, “ನಿನ್ನ ಆಟ ಬಹಳ ಚೆನ್ನಾಗಿದೆ ಮಗಳೇ” ಎಂದರು. ಬೈದಿದ್ದರೆ ಹಗುರವಾಗಿರುತ್ತಿತ್ತು.

“ಚೆನ್ನಾಗಿಲ್ಲ ಮೇಷ್ಟ್ರೇ. ತಪ್ಪು ನಂದು. ನೀವು ಆಡಿ, ನಾನು ಬಾಯಿ ಮುಚ್ಕೊಂಡು ನೋಡ್ತೀನಿ.”

ಅವರ ಬೆರಳು ತಡೆದಲ್ಲೆಲ್ಲ ಬರೆದುಕೊಂಡಳು. ಅರ್ಧ ಗಂಟೆಯ ಮೇಲೆ ಮೇಷ್ಟ್ರು, “ಬಿಳಿ ಮೇಲೆ ಹಳದಿ ಅಕ್ಷರ ಯಾರಾದ್ರೂ ಓದ್ತಾರೇನಮ್ಮಾ?” ಎಂದರು. ಸುಮುರಾನ್ ಓಣಿಯ ಲೆಕ್ಕದಲ್ಲಿ ಅದು ದೊಡ್ಡ ಜಗಳ.

ಹಸಿರು-ಕೆಂಪಿನ ಜೊತೆಗೆ ರೈಟು, ಇಂಟು ಬಂದವು. ‘ಸರಿ’, ‘ತಪ್ಪು’ ಎಂಬ ಮಾತೂ ಬಂತು. ಪ್ರತಿ ಗುಂಡಿಗೂ ಹೆಸರಾಯಿತು. ಓದಲಾಗದ ಮೂರು ವೇಷಗಳು ಹೋದವು. ಮೊದಲ ಸುತ್ತನ್ನು ಮತ್ತೆ ನಡೆಸುವ ಮೊದಲು ವೆನಿಂಗ್ ಅದೇ ಮೈಕಿನಲ್ಲಿ, ಮರೆತವರು ಮೇಷ್ಟ್ರಲ್ಲ, ತಾನು ಎಂದಳು. ಈ ಸಲ ಯಾರೂ ನಗಲಿಲ್ಲ.

ನೀವೂ ನಾಲ್ಕು ಜನ ಬಳಸುವ ಪುಟ ಕಟ್ಟುತ್ತಿದ್ದರೆ ಬಣ್ಣ ಎಷ್ಟಾದರೂ ಹಾಕಿ, ಆದರೆ ಹೇಳಬೇಕಾದ್ದನ್ನು ಬಣ್ಣವೊಂದಕ್ಕೇ ಬಿಡಬೇಡಿ. ‘ಹೇಗಿದೆ?’ ಎಂದು ಕೇಳಿ ಎದ್ದು ಬರಬೇಡಿ. ಪಕ್ಕದಲ್ಲಿ ಕೂತು ನೋಡಿ.

ಹದಿನೇಳರಂದು ಟುಟಿಕ್ ಗೆದ್ದಳು. ಮೇಷ್ಟ್ರು ಎರಡನೆಯವರಾಗಿ ಬಂದು ಒಂದು ಪ್ಲಾಸ್ಟಿಕ್ ಬಕೆಟ್ ಪಡೆದರು.